ಪಿಲಿಂದವಚ್ಛರ ತಲೆನೋವು: ಮೂರು ಸಲ ಬದಲಾದ ಮದ್ದು

☸️ *ಇಂದಿನ ಧಮ್ಮ ಚಿಂತನ* ☸️
ಆಷಾಢ ಹುಣ್ಣಿಮೆಯ ಮುನ್ನಾದಿನ




ನಾಳೆ ಹುಣ್ಣಿಮೆ. ಭಗವಾನ್ ಬುದ್ಧರು ಸಾರನಾಥದಲ್ಲಿ ಐವರಿಗೆ ಮೊದಲ ಬೋಧನೆ ಮಾಡಿದ ದಿನ. ವರ್ಷಾವಾಸ ಶುರುವಾಗುವ ದಿನ. ನಮ್ಮ ಬಳಗದಲ್ಲಿ ಹಾವೇರಿಯವರು, ಬ್ಯಾಡಗಿಯವರು, ರಾಣೆಬೆನ್ನೂರಿನವರು ಹಲವರು ನಾಳೆ ಅಷ್ಟಶೀಲ ಹಿಡಿಯುತ್ತೀರಿ. ಅದಕ್ಕೆ ಮೊದಲು ಒಂದು ಮಾತು ಹೇಳಬೇಕಿದೆ. ಇದು ಐದು ತಿಂಗಳಿಂದ ಬಾಕಿ ಉಳಿದ ಉತ್ತರ.

ಕಳೆದ ಮಾಘ ಹುಣ್ಣಿಮೆಯ ಹೊತ್ತಿಗೆ ಬ್ಯಾಡಗಿಯಲ್ಲಿ ವಂದನೆ ಮುಗಿದ ಮೇಲೆ ಒಬ್ಬ ತಂಗಿ ನನ್ನನ್ನು ಹೊರಗೆ ಕರೆದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವಳು. ಸುಗ್ಗಿಯ ಕಾಲ; ಊರೆಲ್ಲ ಕೆಂಪು, ಊರೆಲ್ಲ ಘಾಟು. ಸೆರಗಿನಿಂದ ಕಣ್ಣಿಗೆ ಮರೆಮಾಡಿಕೊಂಡು ನಿಂತಿದ್ದಳು.

"ಅಕ್ಕಾರ, ಒಂದ್ ಮಾತ್ ಕೇಳ್ತೀನ್ರಿ, ಬೈಬ್ಯಾಡ್ರಿ. ತಿಂಗಳದಾಗ ಹತ್ತು ಹನ್ನೆರಡು ದಿನ ಅರ್ಧ ತಲಿ ಸಿಡೀತೈತಿ. ಬೆಳಕ ನೋಡಾಕ ಆಗಂಗಿಲ್ಲ. ವಾಂತಿ ಬರ್ತೈತಿ. ನಮ್ಮತ್ತಿ ದೇವಿಗೆ ಹರಕಿ ಹೊತ್ರು. ನಾನೂ ಹೋಗಿ ಉಡಿ ತುಂಬಿ ಬಂದೆ. ಪ್ರತಿಜ್ಞಾ ಮುರದಂಗಾತಲ್ರೀ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: "ಹರಕಿ ಹೊತ್ರೂ ಕಡಿಮಿ ಆಗಿಲ್ರೀ."

ಅವಳ ಕಾಯಿಲೆ ನನಗೆ ಹೊಸದಲ್ಲ. 19 ವರ್ಷಗಳಿಂದ ನನ್ನ ತಲೆಯಲ್ಲೂ ಅದೇ ಇದೆ. ನಿಂತ ನಿಲುವಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಹೆಸರಿಲ್ಲದೆ ಬರೆಯಲು ಆ ತಂಗಿಯೇ ಒಪ್ಪಿದ್ದಾಳೆ. ಇಂದು ಬರೆಯುತ್ತಿದ್ದೇನೆ.

🪷 *ವಿನಯಪಿಟಕದಲ್ಲಿ ಒಂದು ತಲೆನೋವು*

ವಿನಯಪಿಟಕದ ಮಹಾವಗ್ಗದಲ್ಲಿ ಔಷಧಗಳಿಗೇ ಒಂದು ಅಧ್ಯಾಯವಿದೆ, ಭೇಸಜ್ಜಕ್ಖಂಧಕ. ಅದರಲ್ಲಿ ಪಿಲಿಂದವಚ್ಛ ಎಂಬ ಭಿಕ್ಖುವಿನ ತಲೆನೋವಿನ ಪ್ರಸಂಗ ಬರುತ್ತದೆ. ಪಾಳಿಯಲ್ಲಿ ಆ ನೋವಿಗೆ ಸೀಸಾಭಿತಾಪ ಎಂದಿದ್ದಾರೆ. ತಲೆಯ ಬೇಗೆ ಎಂದರ್ಥ.

ಭಿಕ್ಖುಗಳು ಈ ವಿಷಯವನ್ನು ಬುದ್ಧರಿಗೆ ತಿಳಿಸಿದರು. ಬುದ್ಧರು ತಲೆಗೆ ಎಣ್ಣೆ ಹಚ್ಚಲು ಅನುಮತಿ ಕೊಟ್ಟರು. ನೋವು ತಗ್ಗಲಿಲ್ಲ. ಮತ್ತೆ ತಿಳಿಸಿದರು. ಮೂಗಿನ ಮೂಲಕ ಮದ್ದು ಹಾಕಲು ಅನುಮತಿ ಕೊಟ್ಟರು. ಮದ್ದು ಚೆಲ್ಲಿಹೋಗುತ್ತಿತ್ತು, ಅದಕ್ಕೊಂದು ಸಾಧನ ಬಳಸಿರೆಂದರು. ಮದ್ದು ಎರಡೂ ಹೊಳ್ಳೆಗೆ ಸಮನಾಗಿ ಬೀಳುತ್ತಿರಲಿಲ್ಲ. ಜೋಡಿ ಕೊಳವೆಯದನ್ನು ಬಳಸಿರೆಂದರು. ಆಗಲೂ ತಗ್ಗಲಿಲ್ಲ. ಮದ್ದಿನ ಹೊಗೆ ಎಳೆದುಕೊಳ್ಳಲು ಅನುಮತಿ ಕೊಟ್ಟರು. ಬತ್ತಿಯ ಹೊಗೆಗೆ ಗಂಟಲು ಸುಟ್ಟಿತು; ಅದಕ್ಕೂ ಒಂದು ನಳಿಗೆಯಾಯಿತು.

ಇಷ್ಟೇ ಪ್ರಸಂಗ. ಇದರಲ್ಲಿ ಪವಾಡವಿಲ್ಲ. ಬುದ್ಧರು ತಲೆ ಮುಟ್ಟಿ ನೋವು ಓಡಿಸಲಿಲ್ಲ. ಒಂದು ಮದ್ದು ಸಾಲದಿದ್ದರೆ ಇನ್ನೊಂದು, ಅದೂ ಸಾಲದಿದ್ದರೆ ಮತ್ತೊಂದು.

ಇನ್ನೊಂದು ಸಂಗತಿ ಗಮನಿಸಿ. ಈ ಪಿಲಿಂದವಚ್ಛರ ಬಾಯಿ ಅಷ್ಟು ಒಳ್ಳೆಯದಿರಲಿಲ್ಲ. ಬ್ರಾಹ್ಮಣ ಕುಲದಿಂದ ಬಂದವರು. ಸಹಭಿಕ್ಖುಗಳನ್ನು 'ವಸಲ' ಎಂದು ಕರೆಯುವ ಚಟವಿತ್ತೆಂದು ಉದಾನದಲ್ಲಿದೆ. ವಸಲ ಎಂದರೆ ಕುಲಹೀನ. ಆ ಮಾತಿನ ಪೆಟ್ಟು ಎಂಥದೆಂದು ನಮಗೆ ಯಾರೂ ವಿವರಿಸಬೇಕಿಲ್ಲ. ಅಂಥ ಮನುಷ್ಯನಿಗೆ ತಲೆನೋವು ಬಂದಾಗ "ಆಡಿದ್ದಕ್ಕೆ ಅನುಭವಿಸು" ಎನ್ನುವುದು ಎಷ್ಟು ಸುಲಭವಿತ್ತು! ತಲೆನೋವಿನ ಪ್ರಸಂಗದಲ್ಲಿ ಆ ಮಾತೇ ಇಲ್ಲ. ಅಲ್ಲಿರುವುದು ನೋವು, ಮದ್ದು, ಸಾಲದಿದ್ದರೆ ಬೇರೆ ಮದ್ದು.

(ಇದನ್ನು ಓದಿ ಯಾರೂ ಮೂಗಿಗೆ ಎಣ್ಣೆ ತುಪ್ಪ ಸುರಿದುಕೊಳ್ಳಬೇಡಿ. ಅದು ಆ ಕಾಲದ ವೈದ್ಯ. ನಾವು ಕಲಿಯಬೇಕಾದ್ದು ಅವರ ರೀತಿಯನ್ನು.)

🪷 *ಇದು ಪಾಪದ ಫಲವೇ?*

ಅರೆತಲೆನೋವು ಬಂದ ಹೆಣ್ಣುಮಗಳಿಗೆ ನಮ್ಮ ಕಡೆ ಮೂರು ಮಾತು ತಪ್ಪುವುದಿಲ್ಲ. ಹಿಂದಿನ ಜನ್ಮದ ಪಾಪ. ಯಾರದೋ ದೃಷ್ಟಿ. ಕೆಲಸ ತಪ್ಪಿಸಲು ನಾಟಕ.

ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧರನ್ನು ಇದನ್ನೇ ಕೇಳುತ್ತಾನೆ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೆಂದು ಕೆಲವರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದು. ಬುದ್ಧರು ನೋವಿಗೆ ಎಂಟು ಕಾರಣ ಎಣಿಸುತ್ತಾರೆ: ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತುವಿನ ಬದಲಾವಣೆ, ದೇಹವನ್ನು ಏರುಪೇರಾಗಿ ನಡೆಸಿಕೊಳ್ಳುವುದು, ಹೊರಗಿನ ಪೆಟ್ಟು, ಕಡೆಗೆ ಕಮ್ಮ. ಎಂಟರಲ್ಲಿ ಒಂದನ್ನೇ ಹಿಡಿದು ಎಲ್ಲದಕ್ಕೂ ಅದೇ ಕಾರಣ ಎನ್ನುವವರು, ತಾವೇ ಕಣ್ಣಾರೆ ಕಂಡದ್ದನ್ನೂ ಲೋಕವೆಲ್ಲ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ ಎಂಬುದು ಅವರ ಉತ್ತರದ ಸಾರ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹಿಂದಿನ ಜನ್ಮದ ಕರ್ಮ ಈ ಜನ್ಮಕ್ಕೆ ಅಂಟಿ ಬರುತ್ತದೆ ಎಂಬುದನ್ನು ಬಲವಾಗಿ ತಳ್ಳಿಹಾಕಿದ್ದೂ ಇದೇ ಕಾರಣಕ್ಕೆ. ಬಡವನ ಬಡತನಕ್ಕೂ ರೋಗಿಯ ರೋಗಕ್ಕೂ ಅವನೇ ಹೊಣೆ ಎಂದುಬಿಟ್ಟರೆ ಉಳಿದವರಿಗೆ ಮಾಡುವ ಕೆಲಸವೇ ಇರುವುದಿಲ್ಲ.

ಆ ಎಂಟರಲ್ಲಿ ಎರಡನ್ನು ಮತ್ತೊಮ್ಮೆ ನೋಡಿ: ಋತುವಿನ ಬದಲಾವಣೆ, ದೇಹದ ಏರುಪೇರು. ಬಿಸಿಲು, ಹಸಿವು, ನಿದ್ದೆಗೆಡುವುದು. ಮೈಗ್ರೇನ್ ಇರುವವರಿಗೆ ಇವು ಗೊತ್ತಿರುವ ಸಂಗತಿಗಳೇ.

🪷 *ಕಾಯಿಲೆ ಯಾವುದು*

ಮೈಗ್ರೇನ್ ಮೆದುಳು ಮತ್ತು ನರಗಳಿಗೆ ಸಂಬಂಧಿಸಿದ ಕಾಯಿಲೆ. ಬಹಳ ಸಲ ಮನೆತನದಲ್ಲೇ ಇರುತ್ತದೆ. ಸಾಮಾನ್ಯವಾಗಿ ತಲೆಯ ಒಂದು ಕಡೆ ನಾಡಿ ಬಡಿದಂತೆ ನೋವು. ಎದ್ದು ಓಡಾಡಿದರೆ ಹೆಚ್ಚು. ಹೊಟ್ಟೆ ತೊಳಸುವುದು, ವಾಂತಿ. ಬೆಳಕು, ಸದ್ದು, ವಾಸನೆ ಸಹಿಸಲಾಗದು. ಮದ್ದು ಮಾಡದಿದ್ದರೆ ಒಂದು ಸಲಕ್ಕೆ 4 ಗಂಟೆಯಿಂದ 72 ಗಂಟೆಯವರೆಗೆ ಇರಬಹುದು. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಮಿಂಚಿನ ಗೆರೆಗಳು ಕಾಣುತ್ತವೆ. ಇನ್ನು ಕೆಲವರಿಗೆ ಹಿಂದಿನ ದಿನವೇ ಆಕಳಿಕೆ, ಕುತ್ತಿಗೆ ಬಿಗಿತ ಶುರು.

ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವು ಇದ್ದು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಲಕ್ಷಣವಿದ್ದು, ಹೀಗೆ 3 ತಿಂಗಳು ಮೀರಿದರೆ ವೈದ್ಯರು ಅದನ್ನು ದೀರ್ಘಕಾಲದ ಮೈಗ್ರೇನ್ ಎನ್ನುತ್ತಾರೆ.

ಇದು ಒಬ್ಬಿಬ್ಬರ ಗೋಳಲ್ಲ. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ನಗರದಲ್ಲೂ ಸುತ್ತಲ ಹಳ್ಳಿಗಳಲ್ಲೂ 18ರಿಂದ 65 ವರ್ಷದ 2,329 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ವರ್ಷದೊಳಗೆ ಮೈಗ್ರೇನ್ ಬಂದವರು 100ಕ್ಕೆ 25 ಮಂದಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ನಾಳೆ ವಂದನೆಗೆ 40 ಜನ ಕೂತರೆ ಅದರಲ್ಲಿ ಹತ್ತು ಮಂದಿಗೆ ಇದು ಗೊತ್ತಿರಬಹುದು. ಅವರಲ್ಲಿ ಒಂಬತ್ತು ಮಂದಿ ಯಾರಿಗೂ ಹೇಳಿರಲಿಕ್ಕಿಲ್ಲ.

🪷 *ಗೋಡೆಯ ಕ್ಯಾಲೆಂಡರ್*

ನಾನು ಆ ತಂಗಿಗೆ ಮೊದಲು ಹೇಳಿದ್ದು ಇಷ್ಟೇ: "ಹರಕೆಯ ಮಾತು ಆಮೇಲೆ. ಮೊದಲು ಎಣಿಸೋಣ."

ಬರೆಯುವುದು ಅವಳಿಗೆ ಅಷ್ಟಾಗಿ ಬಾರದು. ನಾಲ್ಕನೇ ತರಗತಿಯ ಮಗಳು ಬರೆಯುವ ಕೆಲಸ ಹೊತ್ತಳು. ಗೋಡೆಯ ಕ್ಯಾಲೆಂಡರಿನಲ್ಲಿ ತಲೆ ನೋಯ್ದ ದಿನಕ್ಕೆ ಒಂದು ಸೊನ್ನೆ, ಮಾತ್ರೆ ನುಂಗಿದ ದಿನಕ್ಕೆ ಒಂದು ಗೀಟು, ಮುಟ್ಟಿನ ದಿನಕ್ಕೆ ಒಂದು ಚುಕ್ಕಿ, ಬೆಳಿಗ್ಗೆ ಉಣ್ಣದೆ ಕೆಲಸಕ್ಕೆ ಹೋದ ದಿನಕ್ಕೆ ಒಂದು ಅಡ್ಡಗೆರೆ.

ತಿಂಗಳು ಮುಗಿದಾಗ ನೋಡಿದೆವು. ಹತ್ತು ಹನ್ನೆರಡಲ್ಲ, 17 ಸೊನ್ನೆ. ಗೀಟು 18. ಅಡ್ಡಗೆರೆ ಇದ್ದ ದಿನ ಸೊನ್ನೆ ತಪ್ಪಿದ್ದು ಬಹಳ ಕಡಿಮೆ. ಚುಕ್ಕಿಗಳ ಹಿಂದೆ ಮುಂದೆ ಎರಡು ಮೂರು ದೊಡ್ಡ ಸೊನ್ನೆ. ಸೋಮವಾರ, ಗುರುವಾರ ಮಾರ್ಕೆಟ್ ಜೋರಿದ್ದು ಘಾಟಿನಲ್ಲಿ ದಿನವಿಡೀ ಕೂತರೆ ಸಂಜೆಗೆ ಸೊನ್ನೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎನ್ನುತ್ತೇವೆ. ಅದು ತಿನ್ನುವವರ ಮಾತು. ಮುಚ್ಚಿದ ಜಾಗದಲ್ಲಿ ದೂಳಿನಲ್ಲಿ ಕೂತವರಿಗೆ ಆ ಲೆಕ್ಕ ಬೇರೆ.

ಇನ್ನೊಂದನ್ನು ಕ್ಯಾಲೆಂಡರ್ ಹೇಳಿರಲಿಲ್ಲ, ಕೇಳಿದ ಮೇಲೆ ಗೊತ್ತಾಯಿತು. ಅವಳು ಕೆಲಸದ ಜಾಗದಲ್ಲಿ ನೀರು ಕುಡಿಯುತ್ತಿರಲಿಲ್ಲ. ಯಾಕೆ? "ಹೋಗಾಕ ಜಾಗಾ ಇಲ್ಲಲ್ರೀ." ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ನೀರಿಲ್ಲದೆ ಕೂತ ದೇಹ.

ಸತಿಪಟ್ಠಾನದಲ್ಲಿ ವೇದನೆಯನ್ನು ಬಂದಂತೆ ನೋಡು, ಹೋದಂತೆ ನೋಡು ಎಂದು ಕಲಿಯುತ್ತೇವೆ. ಕಣ್ಣು ಮುಚ್ಚಿ ಕೂತಾಗ ಮಾತ್ರ ನಡೆಯುವ ಅಭ್ಯಾಸವಲ್ಲ ಅದು. ನಾಲ್ಕನೇ ತರಗತಿಯ ಹುಡುಗಿ ಪೆನ್ಸಿಲಿನಲ್ಲಿ ಹಾಕಿದ ಆ ಸೊನ್ನೆಗಳೂ ವೇದನೆಯ ನೋಟವೇ. ಇದ್ದದ್ದನ್ನು ಇದ್ದಂತೆ ನೋಡಿದೆವು; ಕಾರಣ ಕಂಡಿತು.

🪷 *ಮಾತ್ರೆಯೇ ನೋವಾಗುವ ಬಗೆ*

ಕ್ಯಾಲೆಂಡರ್ ಹಿಡಿದು ತಾಲೂಕು ಆಸ್ಪತ್ರೆಗೆ ಹೋದೆವು. ವೈದ್ಯರು ಮೊದಲು ನೋಡಿದ್ದು ಆ 18 ಗೀಟುಗಳನ್ನು.

ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ತಲೆನೋವಿನ ಮಾತ್ರೆಯನ್ನು ಅತಿಯಾಗಿ ನುಂಗಿದರೆ ಆ ಮಾತ್ರೆಯೇ ತಲೆನೋವು ತರುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು. ಟ್ರಿಪ್ಟಾನ್, ಎರ್ಗಾಟ್ ಮತ್ತು ಎರಡು ಮೂರು ಔಷಧ ಕೂಡಿಸಿದ ಮಾತ್ರೆ ತಿಂಗಳಿಗೆ 10 ದಿನ ಅಥವಾ ಹೆಚ್ಚು. ಹೀಗೆ 3 ತಿಂಗಳು ಮೀರಿ ನಡೆದರೆ ಅಪಾಯ. ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುವ ಮಾತ್ರೆಯಲ್ಲಿ ಏನೇನು ಕೂಡಿದೆ ಎಂಬುದು ನುಂಗುವವರಿಗೆ ಗೊತ್ತೇ ಇರುವುದಿಲ್ಲ.

ವೈದ್ಯರು ಆ ಮಾತ್ರೆ ನಿಲ್ಲಿಸಿಸಿದರು. ನಿಲ್ಲಿಸಿದ ಮೊದಲ ವಾರ ನೋವು ಹೆಚ್ಚಾಗುತ್ತದೆ ಎಂದು ಮುಂಚೆಯೇ ಹೇಳಿದ್ದರು. ಹಾಗೇ ಆಯಿತು. ಆ ವಾರ ಬಳಗದ ಇಬ್ಬರು ಅಕ್ಕಂದಿರು ಸರದಿಯಲ್ಲಿ ಅವಳ ಮನೆಗೆ ರೊಟ್ಟಿ ಪಲ್ಯ ಮುಟ್ಟಿಸಿದರು.

ನೋವು ಬಾರದಂತೆ ತಡೆಯುವ ಮಾತ್ರೆಗಳು ಬೇರೆ ಇವೆ. ಪ್ರೊಪ್ರಾನೊಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಾಮೇಟ್, ಫ್ಲುನರಿಜಿನ್ ಮುಂತಾದವು. ಇವನ್ನು ನೋವಿದ್ದ ದಿನ ಮಾತ್ರ ನುಂಗುವುದಲ್ಲ, ದಿನವೂ ನುಂಗಬೇಕು. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಎಲ್ಲರಿಗೂ ಎಲ್ಲವೂ ಒಗ್ಗದು. ಪ್ರೊಪ್ರಾನೊಲಾಲ್ ಉಬ್ಬಸ ಇದ್ದವರಿಗೆ ಸಲ್ಲದು. ಈ ತಂಗಿಗೆ ಉಬ್ಬಸವಿತ್ತು, ಹಾಗಾಗಿ ಬೇರೆ ಮಾತ್ರೆ ಕೊಟ್ಟರು. ಟೋಪಿರಾಮೇಟ್, ವಾಲ್‌ಪ್ರೊಯೇಟ್ ಹೊಟ್ಟೆಯಲ್ಲಿರುವ ಕೂಸಿಗೆ ಕೆಡಕು ಮಾಡುತ್ತವೆ. ಹೃದಯದ ಕಾಯಿಲೆ ಇದ್ದವರಿಗೆ ಟ್ರಿಪ್ಟಾನ್ ಸಲ್ಲದು. ಆದ್ದರಿಂದ ನನ್ನ ಮಾತ್ರೆಯನ್ನು ನೀವು ನುಂಗಬೇಡಿ, ನಿಮ್ಮದನ್ನು ಪಕ್ಕದ ಮನೆಯವರಿಗೆ ಕೊಡಬೇಡಿ. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆ ಇದ್ದರೆ, ವೈದ್ಯರಿಗೆ ಮೊದಲೇ ಹೇಳಿ.

ನನಗೆ ಮೊದಲ ಮಾತ್ರೆ ಒಗ್ಗಲಿಲ್ಲ. ಎರಡನೆಯದರಲ್ಲಿ ಹಗಲೆಲ್ಲ ತೂಕಡಿಕೆ. ಪಾಠ ಮಾಡುತ್ತಲೇ ಕಣ್ಣು ಮುಚ್ಚುತ್ತಿತ್ತು. ಮೂರನೆಯದು ಹಿಡಿಯಿತು. ಎರಡನೆಯದಕ್ಕೇ ಬೇಸತ್ತು ಬಿಡುವುದರಲ್ಲಿದ್ದೆ. ಪಿಲಿಂದವಚ್ಛರ ಕತೆ ಓದಿದ್ದು ಆಗ. ಎಣ್ಣೆ ಸಾಲಲಿಲ್ಲ, ಮೂಗಿನ ಮದ್ದೂ ಸಾಲಲಿಲ್ಲ. ಅವರೂ ಬಿಡಲಿಲ್ಲ, ಸಂಘವೂ ಅವರನ್ನು ಬಿಡಲಿಲ್ಲ.

*ಈ ಲಕ್ಷಣ ಕಂಡರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ:*
▪️ ಸಿಡಿಲು ಬಡಿದಂತೆ ಒಮ್ಮೆಲೇ ಬಂದ, ಹಿಂದೆಂದೂ ಕಾಣದಷ್ಟು ಜೋರಾದ ತಲೆನೋವು
▪️ ಜ್ವರದ ಜೊತೆ ತಲೆನೋವು, ಕುತ್ತಿಗೆ ಬಗ್ಗದಿರುವುದು
▪️ ಕೈಕಾಲು ಸೋಲುವುದು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಎಚ್ಚರ ತಪ್ಪುವುದು
▪️ ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದ ನೋವು
▪️ 50 ವರ್ಷ ದಾಟಿದ ಮೇಲೆ ಮೊದಲ ಸಲ ಬಂದ ನೋವು, ಅಥವಾ ಹಳೆಯ ನೋವಿನ ರೀತಿಯೇ ಬದಲಾದದ್ದು

ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ರೋಗದ ಜೊತೆ ತಲೆನೋವೂ ಸೇರಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಆ ವಿಭಾಗ ಯಾವ ದಿನ ಇರುತ್ತದೆಂದು ವಿಚಾರಿಸಿಕೊಳ್ಳಿ. ತಲೆನೋವಿಗೆ ದೊಡ್ಡಾಸ್ಪತ್ರೆಗೆ ಯಾಕೆ ಹೋಗುವುದೆಂದು ಸಂಕೋಚ ಬೇಡ.

🪷 *ನಮ್ಮ ವಂದನೆಯಲ್ಲೇ ಇರುವ ತೊಡಕು*

ಈಗ ನಮ್ಮ ಕಡೆ ನೋಡಿಕೊಳ್ಳೋಣ.

ಕೆಲವು ವರ್ಷದ ಹಿಂದೆ ಏಪ್ರಿಲ್ 14. ಮಧ್ಯಾಹ್ನದ ಬಿಸಿಲು. ಬೆಳಿಗ್ಗೆಯಿಂದ ಓಡಾಟದಲ್ಲಿ ತುತ್ತು ಅನ್ನ ಕಂಡಿರಲಿಲ್ಲ. ಮೆರವಣಿಗೆಯ ಡಿಜೆ ಎದೆಯೊಳಗೇ ಬಡಿದಂತಿತ್ತು. ಕಣ್ಣೆದುರು ಗೆರೆಗಳು ಮಿಂಚತೊಡಗಿದವು. ನೀಲಿ ಬಾವುಟವನ್ನು ಪಕ್ಕದವಳ ಕೈಗೆ ಕೊಟ್ಟು ಒಂದು ಅಂಗಡಿಯ ಹಿಂದಿನ ನೆರಳಿಗೆ ಹೋಗಿ ವಾಂತಿ ಮಾಡಿಕೊಂಡೆ. ಮರುದಿನ ನಮ್ಮವರೇ ಒಬ್ಬ ಅಣ್ಣ ಎಲ್ಲರೆದುರು ಕೇಳಿದರು: "ಬಾಬಾಸಾಹೇಬರ ಸಲುವಾಗಿ ಒಂದು ದಿನ ತಡಕೊಳ್ಳಾಕ ಆಗಲಿಲ್ಲೇನವ್ವಾ?"

ತಲೆನೋವು ಅಷ್ಟೊತ್ತಿಗೆ ಇಳಿದಿತ್ತು. ಆ ಮಾತು ಇಳಿಯಲಿಲ್ಲ.

ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಬಾಬಾಸಾಹೇಬರು ವರ್ಷಗಟ್ಟಲೆ ಮಧುಮೇಹದಿಂದ, ಕಾಲಿನ ನರಗಳ ನೋವಿನಿಂದ ಬಳಲಿದವರು. ವೈದ್ಯರ ಆರೈಕೆ ಪಡೆದರು. 1948ರಲ್ಲಿ ಅವರ ಬಾಳಸಂಗಾತಿಯಾಗಿ ಬಂದ ಸವಿತಾ ಮಾಯಿಯವರೂ ವೈದ್ಯರೇ. ಆ ನೋವಿನ ನಡುವೆಯೂ ಬರೆದರು ಎಂಬುದು ನಿಜ. ಆದರೆ ಅದನ್ನು ಚಾಟಿ ಮಾಡಿ ಇನ್ನೊಬ್ಬ ರೋಗಿಯ ಬೆನ್ನಿಗೆ ಬೀಸಬಾರದು. ವೈಸರಾಯ್ ಮಂಡಳಿಯಲ್ಲಿ 1942ರಿಂದ 1946ರವರೆಗೆ ಕಾರ್ಮಿಕ ಖಾತೆ ಹೊತ್ತಾಗ ದುಡಿಯುವವರ ಗಂಟೆ ತಗ್ಗಿಸಲು ಹೋರಾಡಿದವರು ಅವರು. ದುಡಿಯುವ ದೇಹಕ್ಕೆ ವಿಶ್ರಾಂತಿ ಹಕ್ಕು ಎಂದು ತಿಳಿದಿದ್ದವರು.

ಮೂರು ಬದಲಾವಣೆ ಬಳಗದಲ್ಲಿ ಆಗಿವೆ. ಊದುಬತ್ತಿ ಈಗ ಹೊರಗಿನ ಕಟ್ಟೆಯ ಮೇಲೆ. ಒಳಗೆ ಹೂವು, ದೀಪ ಸಾಕು. ಮೈಕಿನ ಸದ್ದು ಕೋಣೆಗೆ ಎಷ್ಟು ಬೇಕೋ ಅಷ್ಟು. ಹಿಂದಿನ ಗೋಡೆಯ ಬಳಿ, ಬೆಳಕು ಕಡಿಮೆ ಇರುವ ಕಡೆ ಒಂದು ಚಾಪೆ. ಅಲ್ಲಿ ಮಲಗಿದವರನ್ನು ಯಾಕೆಂದು ಯಾರೂ ಕೇಳುವುದಿಲ್ಲ.

ನಾಲ್ಕನೆಯದು ನಾಳೆಯ ಉಪೋಸಥ. ಅಷ್ಟಶೀಲದಲ್ಲಿ ಮಧ್ಯಾಹ್ನದ ನಂತರ ಉಣ್ಣುವುದಿಲ್ಲ. ಮೈಗ್ರೇನ್ ಇದ್ದವರಿಗೆ ಹಸಿವೇ ನೋವಿನ ಬಾಗಿಲು. ನೀವು ಪಂಚಶೀಲದಲ್ಲೇ ಇರಿ. ಅದು ಕಡಿಮೆ ದರ್ಜೆಯ ಶೀಲವಲ್ಲ. ಇದೇ ಭೇಸಜ್ಜಕ್ಖಂಧಕದ ಆರಂಭದಲ್ಲಿ ರೋಗದಿಂದ ಸೊರಗಿದ ಭಿಕ್ಖುಗಳಿಗೆ ಬುದ್ಧರು ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಈ ಐದನ್ನು ಮದ್ದಾಗಿ ಅನುಮತಿಸಿದರು. ಮೊದಲು ಮಧ್ಯಾಹ್ನದೊಳಗೆ ಮಾತ್ರ. ಅದರಿಂದ ಅವರು ಇನ್ನಷ್ಟು ಸೊರಗಿದ್ದು ಕಂಡು, ಕಾಲವಲ್ಲದ ಕಾಲದಲ್ಲೂ ತೆಗೆದುಕೊಳ್ಳಿ ಎಂದರು. ನಾಳೆ ನಾವು ನೆನೆಯುವ ಮೊದಲ ಬೋಧನೆಯೂ ದೇಹವನ್ನು ದಂಡಿಸುವ ತುದಿಯನ್ನು ಬಿಡಿ ಎಂದೇ ಶುರುವಾಗುತ್ತದೆ. ಹಸಿದು ವಾಂತಿ ಮಾಡಿಕೊಂಡು ಮಲಗುವುದು ಉಪೋಸಥವಲ್ಲ.

🪷 *ಎರಡನೆಯ ಬಾಣ*

ಸಲ್ಲತ್ಥ ಸುತ್ತ ನಮ್ಮಲ್ಲಿ ಹಲವರಿಗೆ ಗೊತ್ತು. ದೇಹದ ನೋವು ಒಂದು ಬಾಣ. ಅದಕ್ಕೆ ಮನಸ್ಸು ಕೊರಗಿ, ಎದೆ ಬಡಿದುಕೊಂಡು ತಂದುಕೊಳ್ಳುವ ನೋವು ಎರಡನೆಯ ಬಾಣ. ತಿಳಿದವನಿಗೆ ಒಂದೇ ಬಾಣ ತಾಗುತ್ತದೆ.

ಮಲಗಿದ ಕತ್ತಲ ಕೋಣೆಯಲ್ಲಿ ಈ ಪಾಠ ನನಗೆ ನಿಜವಾಗಿಯೂ ಒದಗಿದೆ. 'ಮತ್ತೆ ಬಂತಲ್ಲ, ನಾಳೆ ಶಾಲೆಗೆ ಏನು ಹೇಳಲಿ, ನನ್ನ ಬಾಳೇ ಇಷ್ಟು' ಎಂದು ಶುರುವಾದ ಮನಸ್ಸನ್ನು ಉಸಿರಿನ ಮೇಲೆ ತಂದು ನಿಲ್ಲಿಸಿದಾಗ ನೋವು ಹೋಗುವುದಿಲ್ಲ. ನೋವಿನ ಮೇಲೆ ಕೂತ ಭಯ ಇಳಿಯುತ್ತದೆ. ಅಷ್ಟಾದರೂ ದೊಡ್ಡದೇ.

ಆದರೆ ಒಂದು ಎಚ್ಚರಿಕೆ. ಈ ಪಾಠ ನನಗೆ ನಾನು ಹೇಳಿಕೊಳ್ಳುವುದಕ್ಕೆ. ನೋವಿನಲ್ಲಿ ಒದ್ದಾಡುವವರ ಬಳಿ ನಿಂತು "ಧ್ಯಾನ ಮಾಡು, ಹೋಗ್ತೈತಿ", "ಮನಸ್ಸು ಗಟ್ಟಿ ಮಾಡ್ಕೋ" ಎಂದರೆ ಮೂರನೆಯ ಬಾಣ ಬಿಟ್ಟವರು ನಾವು. ಧ್ಯಾನ ಮಾತ್ರೆಯ ಬದಲಿಗಲ್ಲ, ಮಾತ್ರೆಯ ಜೊತೆಗೆ. ಮೊದಲ ಬಾಣವನ್ನು ಕೀಳಲು ವೈದ್ಯರು ಬೇಕೇ ಬೇಕು.

🪷 *ಹರಕೆಯ ಮಾತು*

ತಂಗಿ ಕೇಳಿದ್ದಕ್ಕೆ ಈಗ ಬರುತ್ತೇನೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಜನರಿಗೆ 22 ಪ್ರತಿಜ್ಞೆ ಬೋಧಿಸಿದ್ದು ನಮ್ಮನ್ನು ಭಯದಿಂದ ಬಿಡಿಸಲು. ಆ ಪ್ರತಿಜ್ಞೆಯನ್ನೇ ಹೊಸ ಭಯ ಮಾಡಿಕೊಳ್ಳಬಾರದು. ಉಡಿ ತುಂಬಿದ್ದು ತಪ್ಪು ಹೆಜ್ಜೆ. ಅದನ್ನು ಮುಚ್ಚಿಡದೆ ಬಂದು ಹೇಳಿದ್ದು ಸರಿ ಹೆಜ್ಜೆ. ಎದ್ದು ಮತ್ತೆ ಶೀಲ ಹಿಡಿಯುವುದಕ್ಕೇ ಅಲ್ಲವೇ ನಾವು ಪ್ರತಿ ವಂದನೆಯಲ್ಲೂ ಪಂಚಶೀಲ ಮತ್ತೆ ಹೇಳುವುದು?

ನಮ್ಮ ತಪ್ಪೂ ಇದೆ. ದೇವಿಯ ಬಳಿಗೆ ಅವಳನ್ನು ಕಳಿಸಿದ್ದು ಅತ್ತೆಯೊಬ್ಬಳೇ ಅಲ್ಲ. ಅವಳು ತಿಂಗಳುಗಟ್ಟಲೆ ವಂದನೆಯ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ "ಏನವ್ವಾ, ಮೈಯಾಗ ಹುಷಾರಿಲ್ಲೇನು?" ಎಂದು ಕೇಳದ ನಾವೂ ಕಳಿಸಿದ್ದೇವೆ. ಅತ್ತೆ ಏನೋ ಒಂದು ದಾರಿ ತೋರಿಸಿದರು. ನಾವು ಯಾವ ದಾರಿಯನ್ನೂ ತೋರಿಸಲಿಲ್ಲ. ಬರಿಗೈಯಲ್ಲಿ ಹೋಗಿ ಯಾರ ಹರಕೆಯನ್ನೂ ಬಿಡಿಸಲಾಗದು. ಕೈಯಲ್ಲಿ ಆಸ್ಪತ್ರೆಯ ಚೀಟಿ, ಬಸ್ಸಿನ ಟಿಕೆಟು, ಜೊತೆಗೆ ಬರುವ ಒಬ್ಬ ಅಕ್ಕ ಇರಬೇಕು.

ಹೊಟ್ಟೆ ಕೆಟ್ಟು ಮಲದಲ್ಲಿ ಬಿದ್ದಿದ್ದ ಭಿಕ್ಖುವನ್ನು ಬುದ್ಧರೂ ಆನಂದರೂ ಕೂಡಿ ಮೈತೊಳೆದು, ಎತ್ತಿ ಮಂಚದ ಮೇಲೆ ಮಲಗಿಸಿದ್ದು ಮಹಾವಗ್ಗದಲ್ಲೇ ಇದೆ. ಆಮೇಲೆ ಸಂಘವನ್ನು ಕರೆದು, ತಂದೆತಾಯಿಯನ್ನು ಬಿಟ್ಟು ಬಂದ ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಯಾರು ನೋಡುತ್ತಾರೆ ಎಂಬರ್ಥದಲ್ಲಿ ಕೇಳಿದರು. ಹಳೆಯ ದೇವರು, ಹಳೆಯ ಜಾತ್ರೆ ಬಿಟ್ಟು ಬಂದ ನಮಗೂ ಅದೇ ಪ್ರಶ್ನೆ.

🪷 *ಈಗ ಹೇಗಿದ್ದಾಳೆ*

ಕಳೆದ ತಿಂಗಳ ಕ್ಯಾಲೆಂಡರಿನಲ್ಲಿ 7 ಸೊನ್ನೆ, 5 ಗೀಟು. ಗುಣವಾಗಿಲ್ಲ, ಹಗುರಾಗಿದೆ. ಬೆಳಿಗ್ಗೆ ಒಂದು ರೊಟ್ಟಿ ತಿಂದೇ ಮನೆ ಬಿಡುತ್ತಾಳೆ. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಐದಾರು ಹೆಣ್ಣುಮಕ್ಕಳು ಕೂಡಿ ಹೋಗಿ ಕೇಳಿದ ಮೇಲೆ ಹಿಂಬದಿಯ ಪಾಯಖಾನೆಯ ಕೀಲಿ ಅವರ ಕೈಗೆ ಸಿಕ್ಕಿದೆ. ಈಗ ನೀರು ಕುಡಿಯುತ್ತಾರೆ. ಅತ್ತೆ ಮೊನ್ನೆ ತಾವೇ ಕೇಳಿದರಂತೆ: "ಆ ಡಾಕ್ಟರ್‌ ಕಡೆ ನನ್ನ ಮೊಣಕಾಲೂ ತೋರಿಸೂಣೇನವಾ?"

*ಈ ವರ್ಷಾವಾಸದ ಅಭ್ಯಾಸ*
1. ತಲೆನೋವು ಇದ್ದವರು ನಾಳೆಯಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೋವು, ಮಾತ್ರೆ, ಮುಟ್ಟು, ಊಟ ತಪ್ಪಿದ್ದು. ಒಂದು ತಿಂಗಳ ಗುರುತು ಹಿಡಿದು ವೈದ್ಯರ ಬಳಿಗೆ ಹೋಗಿ.
2. ಊಟ, ನಿದ್ದೆ, ನೀರು ದಿನವೂ ಒಂದೇ ಹೊತ್ತಿಗೆ. ಭಾನುವಾರವೂ ಏಳುವ ಹೊತ್ತು ಬದಲಿಸಬೇಡಿ.
3. ನೋವು ಶುರುವಾಗುತ್ತಲೇ ವೈದ್ಯರು ಹೇಳಿದ ಮಾತ್ರೆ ನುಂಗಿ, ಕತ್ತಲು ಕೋಣೆಯಲ್ಲಿ ಮಲಗಿ. ತಡೆದುಕೊಂಡು ಏರಿದ ಮೇಲೆ ನುಂಗಿದರೆ ಅಷ್ಟು ಫಲವಿಲ್ಲ. ನುಂಗಿದ ದಿನಗಳನ್ನು ಎಣಿಸಿ.
4. ನೋವಿಲ್ಲದವರು ಈ ವಾರ ಒಬ್ಬರನ್ನಾದರೂ ಕೇಳಿ: "ಹೆಂಗದೀರಿ?" ಕೇಳಿ ಸುಮ್ಮನೆ ಆಲಿಸಿ. ಉಪದೇಶ ಬೇಡ.

*ಭಾನುವಾರದ ಚರ್ಚೆಗೆ:* ನಮ್ಮ ಬಳಗದಲ್ಲಿ ಹೇಳಿಕೊಳ್ಳಲಾಗದೆ ಉಳಿದಿರುವ ಕಾಯಿಲೆಗಳು ಯಾವುವು? ಯಾಕೆ ಹೇಳಿಕೊಳ್ಳಲಾಗುತ್ತಿಲ್ಲ?

ಎಲ್ಲರೂ ನಿರೋಗಿಗಳಾಗಲಿ. ಆಗದಿದ್ದವರು ಒಂಟಿಯಾಗದಿರಲಿ.

ಸಾಧು, ಸಾಧು, ಸಾಧು 🙏
ಜೈ ಭೀಮ್ 💙